ಅವ್ವ ದೇವತೆ, ಮಗ ಯಾಕೆ ಸತ್ತ? ಗಿಲ್ಗಮೆಶ್ ಕಥೆಯನ್ನು ಮಕ್ಕಳಿಗೆ ಏಳು ಸಂಜೆ ಹೇಳುವ ಬಗೆ

ಈ ಕಥೆಯನ್ನು ನಾಗರ ಅಮಾವಾಸ್ಯೆಯ ಸಂಜೆ ಶುರು ಮಾಡಿ. ಆಗ ಏಳನೇ ಸಂಜೆ ಪಂಚಮಿಯ ಮರುದಿನ, ಷಷ್ಠಿಗೆ ಬರುತ್ತದೆ. ಕಥೆಯ ಕೊನೆಯಲ್ಲಿ ಒಂದು ಹಾವಿದೆ. ಹಿಂದಿನ ದಿನವಷ್ಟೇ ಮಣ್ಣಿನ ನಾಗಪ್ಪನಿಗೆ ಹಾಲೆರೆದು, ಉಂಡಿ ತಿಂದು, ಜೋಕಾಲಿ ಆಡಿ ಬಂದ ಮಕ್ಕಳು ಆ ಹಾವಿನ ಮಾತು ಕೇಳುವಾಗ ಅವರ ಮುಖ ನೋಡಬೇಕು. ಬೇರೆ ಯಾವ ತಿಂಗಳಲ್ಲಿ ಹೇಳಿದರೂ ಆ ಮುಖ ಸಿಗೋದಿಲ್ಲ.

ಎರಡನೇ ಕಾರಣ ರೊಟ್ಟಿ. ಕಥೆಯಲ್ಲಿ ಒಬ್ಬ ಅಜ್ಜಿ ದಿನಕ್ಕೊಂದರಂತೆ ಏಳು ರೊಟ್ಟಿ ಸುಟ್ಟು ಸಾಲಾಗಿ ಇಡುತ್ತಾಳೆ. ಅದನ್ನು ಬಾಯಲ್ಲಿ ಹೇಳಿ ಬಿಡಬೇಡಿ, ಮಾಡಿ ತೋರಿಸಿ. ಅಮಾವಾಸ್ಯೆಯಂದೇ ಮೊದಲ ರೊಟ್ಟಿ ಬಡಿದು ಬುಟ್ಟಿಯಲ್ಲಿಡಿ. ಖಡಕ್ ರೊಟ್ಟಿ ಇದಕ್ಕೆ ನಡೆಯೋದಿಲ್ಲ, ತಿಂಗಳಿಟ್ಟರೂ ಅದು ಹಾಗೇ ಇರುತ್ತದೆ. ಸ್ವಲ್ಪ ದಪ್ಪಗೆ ತಟ್ಟಿದ ಮೆತ್ತನೆಯ ರೊಟ್ಟಿ ಬೇಕು, ಇಲ್ಲವೇ ಚಪಾತಿ. ಶ್ರಾವಣದ ಜಿಟಿಜಿಟಿ ಮಳೆಗೆ ಬೂಷ್ಟು ತಾನಾಗಿಯೇ ಬರುತ್ತದೆ. ಬುಟ್ಟಿಗೆ ತೆಳು ಬಟ್ಟೆ ಮುಚ್ಚಿ, ಇರುವೆ ಹತ್ತದಂತೆ ನೀರು ಹಾಕಿದ ತಾಟಿನಲ್ಲಿ ಇಡಿ. ಪಂಚಮಿಯ ದಿನ ನಮ್ಮ ಮನೆಯಲ್ಲಿ ಒಲೆ ಮೇಲೆ ಹಂಚು ಇಡೋದಿಲ್ಲ. ನಿಮ್ಮಲ್ಲೂ ಹಾಗಿದ್ದರೆ ಅವತ್ತಿಗೆ ಬೇಕರಿಯಿಂದ ಒಂದು ಬನ್ ತಂದಿಡಿ, ತೊಂದರೆಯಿಲ್ಲ.

ನಾನು ಗದಗಿನ ಒಂದು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದವಳು. ಈಗ ರಿಟೈರ್ ಆಗಿ ಬೆಟಗೇರಿಯ ಮನೆಯಲ್ಲಿದ್ದೇನೆ. ನಮ್ಮ ಓಣಿಯ ಬೇವಿನ ಕಟ್ಟೆಗೆ ಸಂಜೆ ಹತ್ತು ಹನ್ನೆರಡು ಮಕ್ಕಳು ಬರುತ್ತಾರೆ. ಶಾಲೆಯಲ್ಲಿದ್ದಾಗ ಮೆಸೊಪೊಟೇಮಿಯಾ ಅಂದರೆ ಎರಡು ನದಿ, ಜಿಗುರಾತ್, ಹಮ್ಮುರಬಿ ಅಂತ ಹೇಳಿ ಮುಗಿಸುತ್ತಿದ್ದೆ. ಅದರ ಒಳಗೆ ಇಂಥ ಕಥೆ ಇದೆ ಅಂತ ಹೇಳೋಕೆ ವೇಳೆಯೇ ಇರುತ್ತಿರಲಿಲ್ಲ. ಈಗ ವೇಳೆ ಇದೆ. ಈ ಕಥೆ ಎಲ್ಲ ಓಣಿಗೂ ಹೋಗಬೇಕು ಅನ್ನೋ ಆಸೆಯಿಂದ, ಹೇಗೆ ಹೇಳಬೇಕು ಅಂತ ಬರೆಯುತ್ತಿದ್ದೇನೆ.

ಹೇಳುವವರಿಗೆ ಇಷ್ಟು ಗೊತ್ತಿದ್ದರೆ ಸಾಕು. ಗಿಲ್ಗಮೆಶ್ ಉರುಕ್ ಊರಿನ ರಾಜ. ಉರುಕ್ ಇರೋದು ಈಗಿನ ಇರಾಕಿನ ದಕ್ಷಿಣದಲ್ಲಿ. ಕಥೆಯನ್ನು ಹಸಿ ಮಣ್ಣಿನ ಹಲಗೆಗಳ ಮೇಲೆ ಲಾಳದ ಕಡ್ಡಿ ಒತ್ತಿ ಬರೆದರು. ನಮಗೆ ಸಿಕ್ಕ ಉದ್ದನೆಯ ರೂಪದಲ್ಲಿ 12 ಹಲಗೆಗಳಿವೆ. ಅದನ್ನು ಜೋಡಿಸಿದವನು ಸಿನ್-ಲೆಕಿ-ಉನ್ನಿನ್ನಿ ಅನ್ನೋ ಪಂಡಿತ ಅಂತ ಅಲ್ಲಿಯ ಹಳೆಯ ಜನರೇ ಹೇಳಿಕೊಂಡು ಬಂದಿದ್ದಾರೆ. ನಿನೆವೆಯಲ್ಲಿ ಅಶುರ್‌ಬನಿಪಾಲ್ ರಾಜ ಕೂಡಿಸಿದ ಹಲಗೆಗಳ ಭಂಡಾರ ಮಣ್ಣಲ್ಲಿ ಹೂತುಹೋಗಿತ್ತು. 1853ರಲ್ಲಿ ಅಗೆದಾಗ ಈ ಹಲಗೆಗಳೂ ಹೊರಬಂದವು. ಅವುಗಳಲ್ಲಿ ಪ್ರಳಯದ ಕಥೆ ಇದೆ ಅಂತ 1872ರಲ್ಲಿ ಓದಿ ತೋರಿಸಿದವನು ಜಾರ್ಜ್ ಸ್ಮಿತ್. ಮೊದಲು ಅವನು ನೋಟು ಅಚ್ಚು ಹಾಕುವ ಕೆತ್ತನೆ ಕೆಲಸ ಕಲಿತವನು. ಇದನ್ನು ಮಕ್ಕಳಿಗೆ ತಪ್ಪದೆ ಹೇಳಿ. ಬೆಟಗೇರಿಯ ಮಗ್ಗದ ಮನೆಯ ಮಕ್ಕಳಿಗೆ, ಕೈಕೆಲಸದವನೊಬ್ಬ ಯಾರೂ ಓದದೆ ಉಳಿದಿದ್ದನ್ನು ಓದಿದ ಅನ್ನೋದು ಬಹಳ ಹಿಡಿಸುತ್ತದೆ.

ಅವ್ವನಿಂದ ಶುರು ಮಾಡಿ

ಎಲ್ಲರೂ ಮೊದಲು ರಾಜನ ಶಕ್ತಿ ಹೊಗಳುತ್ತಾರೆ. ನಾನೂ ಮೊದಮೊದಲು ಹಾಗೇ ಮಾಡುತ್ತಿದ್ದೆ. ಈಗ ಮೊದಲ ಸಂಜೆ ಅವನ ತಾಯಿಯನ್ನು ತರುತ್ತೇನೆ. ಅವಳು ನಿನ್ಸುನ್, ದೇವತೆ. ಅವಳನ್ನು ಕಾಡು ಹಸು ಅಂತ ಕರೆಯುತ್ತಾರೆ. ಅವರಲ್ಲಿ ಅದು ದೊಡ್ಡ ಹೊಗಳಿಕೆ. ಆಕಳಿಗೆ ಕೈಮುಗಿಯುವ ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಂದೆ ಲುಗಲ್ಬಂಡ, ಉರುಕಿನ ರಾಜ.

ಆಮೇಲೆ ಒಂದು ರೊಟ್ಟಿ ತೆಗೆದುಕೊಂಡು ಮೂರು ಪಾಲು ಮಾಡಿ. ಎರಡು ಪಾಲು ಒಂದು ಕಡೆ, ಒಂದು ಪಾಲು ಇನ್ನೊಂದು ಕಡೆ. "ಗಿಲ್ಗಮೆಶ್ ಎರಡು ಪಾಲು ದೇವರು, ಒಂದು ಪಾಲು ಮನುಷ್ಯ" ಅಂತ ಹೇಳಿ. ಹಲಗೆಯಲ್ಲಿ ಇರೋದೇ ಹಾಗೆ. ಐದನೇ ಇಯತ್ತೆ ದಾಟಿದ ಮಗು ಇದ್ದರೆ ಕೂಡಲೇ ಕೈ ಎತ್ತುತ್ತದೆ: "ಅಕ್ಕೋರ್ರಿ, ಅವ್ವ ದೇವ್ರು, ಅಪ್ಪ ಮನಷ್ಯಾ ಅಂದ್ರ ಅರ್ಧಾ ಅರ್ಧಾ ಆಗಬೇಕಲ್ರಿ?" ಸರಿಯಾದ ಪ್ರಶ್ನೆ. ಏನೋ ಒಂದು ಲೆಕ್ಕ ಕೂಡಿಸಿ ಬಾಯಿ ಮುಚ್ಚಿಸಬೇಡಿ. ಆ ಪಾಲು ಹೇಗೆ ಬಂತು ಅಂತ ಕಥೆ ಬಿಡಿಸಿ ಹೇಳೋದಿಲ್ಲ. ಇಷ್ಟನ್ನು ಸೇರಿಸಬಹುದು: ಲುಗಲ್ಬಂಡನನ್ನೂ ಜನ ಆಮೇಲೆ ದೇವರೆಂದೇ ಪೂಜಿಸಿದರು. ಉರುಕ್ ಇದ್ದ ನಾಡಿನ ಹೆಸರು ಸುಮೇರ್. ಆ ಸುಮೇರಿನ ರಾಜರ ಪಟ್ಟಿಯಂತೂ ತಂದೆಯ ವಿಷಯದಲ್ಲಿ ಬೇರೆ ಮಾತೇ ಆಡುತ್ತದೆ, ಅವನು ಒಂದು ಭೂತ ಅನ್ನುತ್ತದೆ. ತಾಯಿಯ ವಿಷಯದಲ್ಲಿ ಮಾತ್ರ ಕಥೆಗಳು ಗಟ್ಟಿಯಾಗಿವೆ.

ಅದೇ ಪಟ್ಟಿಯಲ್ಲಿ ಲುಗಲ್ಬಂಡ 1200 ವರ್ಷ ಆಳಿದ, ಗಿಲ್ಗಮೆಶ್ 126 ವರ್ಷ, ಅವನ ಮಗ 30 ವರ್ಷ ಅಂತಿದೆ. ಈ ಮೂರು ಅಂಕಿಗಳನ್ನು ಪಾಟಿಯ ಮೇಲೆ ಒಂದರ ಕೆಳಗೊಂದು ಬರೆದು ಸುಮ್ಮನೆ ಕೂತುಬಿಡಿ. ಇಳಿಯುತ್ತಾ ಬರೋದು ಮಕ್ಕಳಿಗೇ ಕಾಣುತ್ತದೆ. ದೇವರ ಕಾಲದಿಂದ ನಮ್ಮಂಥವರ ಕಾಲಕ್ಕೆ ಇಳಿಯುವ ಮೆಟ್ಟಿಲ ಮೇಲೆ ಗಿಲ್ಗಮೆಶ್ ನಿಂತಿದ್ದಾನೆ.

ಮೊದಲ ಸಂಜೆ ಇಷ್ಟೇ ಸಾಕು. ಹೆಸರು ಜಾಸ್ತಿ ಮಾಡಬೇಡಿ. ಎರಡನೇ ಸಂಜೆ ಎಂಕಿಡು ಬರಲಿ. ಅವನಿಗೆ ಅವ್ವನೂ ಇಲ್ಲ, ಅಪ್ಪನೂ ಇಲ್ಲ. ಅರೂರು ಅನ್ನೋ ದೇವತೆ ಒಂದು ಚಿಟಿಕೆ ಮಣ್ಣು ಕಿತ್ತು ಅಡವಿಗೆ ಎಸೆದು ಅವನನ್ನು ಮಾಡಿದಳು. ಜಿಂಕೆಗಳ ಜೊತೆ ಹುಲ್ಲು ಮೇಯುತ್ತಿದ್ದವನು ಕುರುಬರ ಹಟ್ಟಿಗೆ ಬಂದು ರೊಟ್ಟಿ ತಿನ್ನೋದು ಕಲಿತ, ಆಮೇಲೆ ಊರಿಗೆ ಬಂದ. ಶಮ್ಹತ್ ಅನ್ನೋ ಹೆಣ್ಣುಮಗಳು ಅವನನ್ನು ಹೇಗೆ ಊರಿಗೆ ಕರೆತಂದಳು ಅನ್ನೋದನ್ನು ಸಣ್ಣ ಮಕ್ಕಳಿಗೆ ಪೂರ್ತಿ ಹೇಳೋದು ಬೇಡ, "ಸ್ನೇಹ ಮಾಡಿದಳು, ಅರಿವೆ ಹಂಚಿಕೊಂಡಳು, ಉಣ್ಣೋದು ಕಲಿಸಿದಳು" ಅಂದರೆ ಸಾಕು. ಗಿಲ್ಗಮೆಶ್ ಜೊತೆ ಜೋರಾಗಿ ಕುಸ್ತಿ ಹಿಡಿದು ಆಮೇಲೆ ಜೀವದ ಗೆಳೆಯನಾದ.

ಮಾಳಿಗೆಯ ಮೇಲಿನ ತಾಯಿ

ಮೂರನೇ ಸಂಜೆ ಇಬ್ಬರೂ ದೇವದಾರು ಅಡವಿಗೆ, ಅದನ್ನು ಕಾಯುವ ಹುಂಬಾಬನನ್ನು ಕೊಲ್ಲಲು ಹೊರಡುತ್ತಾರೆ. ಹುಡುಗರು ಆ ಹೊಡೆದಾಟಕ್ಕೆ ಕಾಯುತ್ತಿರುತ್ತಾರೆ. ಸ್ವಲ್ಪ ಕಾಯಿಸಿ. ಅದಕ್ಕೂ ಮೊದಲು ನಿನ್ಸುನ್ ಮಾಡಿದ್ದನ್ನು ನಿಧಾನವಾಗಿ ಹೇಳಿ. ಅವಳು ಜಳಕ ಮಾಡಿದಳು. ಒಳ್ಳೆಯ ಅರಿವೆ ಉಟ್ಟಳು, ಒಡವೆ ಹಾಕಿದಳು. ಮೆಟ್ಟಿಲು ಹತ್ತಿ ಮಾಳಿಗೆಗೆ ಹೋದಳು. ಧೂಪ ಹಾಕಿದಳು. ಸೂರ್ಯದೇವ ಶಮಾಶ್ ಕಡೆ ಎರಡೂ ಕೈ ಎತ್ತಿ ಕೇಳಿದಳು: ನನ್ನ ಮಗನಿಗೆ ಇಂಥ ನಿಲ್ಲದ ಮನಸ್ಸು ಯಾಕೆ ಕೊಟ್ಟೆ?

ನಮ್ಮ ಓಣಿಯಲ್ಲಿ ಎಲ್ಲವೂ ಮಾಳಿಗೆ ಮನೆಗಳೇ. ಹಪ್ಪಳ ಸಂಡಿಗೆ ಒಣಗಿಸೋಕೆ ಅವ್ವ ಮೇಲೆ ಹೋಗೋದನ್ನು ಮಕ್ಕಳು ದಿನಾ ನೋಡಿದ್ದಾರೆ. ಹಾಗಾಗಿ ಈ ಚಿತ್ರ ಅವರ ಕಣ್ಣಿಗೆ ತಕ್ಷಣ ಕಟ್ಟುತ್ತದೆ. ದೇವತೆಯೇ ಇನ್ನೊಬ್ಬ ದೇವರ ಮುಂದೆ ಸೆರಗೊಡ್ಡಿ ನಿಂತಿದ್ದಾಳೆ. ಇನ್ನೂ ಒಂದು ಮಾತು ಅವಳ ಬಾಯಲ್ಲಿದೆ. ಮುಂದೊಂದು ದಿನ ಇವನು ಮರಳಿ ಬಾರದ ನಾಡಿನಲ್ಲಿ, ನಿಂಗಿಷ್ಜಿದ ದೇವರ ಜೊತೆ ಇರಬೇಕಾದವನೇ ಅಲ್ಲವೇ ಅಂತ ಕೇಳುತ್ತಾಳೆ. ಮಗ ಸಾಯುತ್ತಾನೆ ಅಂತ ತಾಯಿಗೆ ಗೊತ್ತು! ಇಡೀ ಕಥೆಯಲ್ಲಿ ನನ್ನ ಎದೆಗೆ ನಾಟಿದ ಜಾಗ ಇದು. ದೇವತೆಯಾಗಿ ಅವಳು ಮಾಡಬಲ್ಲದ್ದು ಕಾವಲು ಬೇಡೋದು, ದಾರಿಗೆ ಜೊತೆ ಕೊಡೋದು. ಹೋಗುವ ಮುಂಚೆ ದಿಕ್ಕಿಲ್ಲದ ಎಂಕಿಡುವನ್ನೂ ತನ್ನ ಮಗ ಅಂತ ಮಾಡಿಕೊಳ್ಳುತ್ತಾಳೆ. ಇದನ್ನು ಅವಸರ ಮಾಡಿ ದಾಟಿದರೆ ಕೊನೆಯಲ್ಲಿ ಬರುವ ಪ್ರಶ್ನೆಗೆ ನಿಮ್ಮ ಕೈಯಲ್ಲಿ ಏನೂ ಇರೋದಿಲ್ಲ.

ಹುಂಬಾಬನ ಹೊಡೆದಾಟ, ಇಶ್ತಾರ್ ದೇವತೆ ಮದುವೆ ಕೇಳಿದ್ದು, ಗಿಲ್ಗಮೆಶ್ ಒಲ್ಲೆ ಅಂದಿದ್ದು, ಅವಳು ಸಿಟ್ಟಿಗೆದ್ದು ಸ್ವರ್ಗದ ಗೂಳಿ ಬಿಟ್ಟಿದ್ದು: ಇವನ್ನೆಲ್ಲ ನಿಮಗೆ ತಿಳಿದ ಹಾಗೆ ಕುಣಿಸಿ ಹೇಳಿ. ಗೂಳಿ ಬಂದಾಗ ಹೋರಿ ಬೆದರಿಸೋದನ್ನು ನೋಡಿದ ಹಾವೇರಿ ಕಡೆಯ ಮಕ್ಕಳಿದ್ದರೆ ನೀವು ಮಾತಾಡಲೇಬೇಕಿಲ್ಲ, ಅವರೇ ಹೇಳುತ್ತಾರೆ.

ಸಾವನ್ನು ದಾಟಿಸಬೇಡಿ

ನಾಲ್ಕನೇ ಸಂಜೆ ಎಂಕಿಡು ಸಾಯುತ್ತಾನೆ. ಇಲ್ಲಿ ನಾನು ಒಮ್ಮೆ ತಪ್ಪಿದ್ದೇನೆ. ಆ ವರ್ಷ ಮಕ್ಕಳಲ್ಲಿ ಒಬ್ಬನ ಅಜ್ಜ ತೀರಿಕೊಂಡು ಎರಡು ತಿಂಗಳಾಗಿತ್ತು. ಅವನು ಮುಂದೆಯೇ ಕೂತಿದ್ದ. ನನಗೆ ಬಾಯಿ ಬರಲಿಲ್ಲ. "ಎಂಕಿಡುಗೆ ಜಡ್ಡಾಯಿತು, ತೀರಿಕೊಂಡ, ಗಿಲ್ಗಮೆಶ್ ಅಡವಿಗೆ ಹೋದ" ಅಂತ ಒಂದೇ ಉಸಿರಿಗೆ ಹೇಳಿ ಮುಂದೆ ಹೋದೆ. ಮರುದಿನ ಬೆಳಗ್ಗೆ ಅಂಗಳ ಸಾರಿಸುತ್ತಿದ್ದಾಗ ಅವನೊಬ್ಬನೇ ಬಂದು ನಿಂತ. "ಅಕ್ಕೋರ್ರಿ, ಅಂವಾ ಸತ್ತ ಮ್ಯಾಲೆ ಗೆಳ್ಯಾ ಏನ್ ಮಾಡ್ದಾ? ನೀವು ಹೇಳ್ಲೇ ಇಲ್ಲ."

ಸೆಗಣಿ ಕೈಯಲ್ಲೇ ಮೆಟ್ಟಿಲ ಮೇಲೆ ಕೂತು ಅವನಿಗೆ ಪೂರ್ತಿ ಹೇಳಿದೆ. ಹುಂಬಾಬನನ್ನೂ ಗೂಳಿಯನ್ನೂ ಕೊಂದದ್ದಕ್ಕೆ ಇಬ್ಬರಲ್ಲಿ ಒಬ್ಬ ಸಾಯಬೇಕು ಅಂತ ದೇವರುಗಳು ತೀರ್ಮಾನ ಮಾಡಿದರು. ದೇವತೆಯ ಮಗ ಉಳಿದ, ಮಣ್ಣಿನ ಮಗ ಹಾಸಿಗೆ ಹಿಡಿದ. ಹನ್ನೆರಡು ದಿನ ಮಲಗಿದ. ಯುದ್ಧದಲ್ಲಿ ಸಾಯಲಿಲ್ಲವಲ್ಲ ಅಂತ ಅತ್ತ. ಗಿಲ್ಗಮೆಶ್ ಆರು ಹಗಲು ಏಳು ರಾತ್ರಿ ಹೆಣದ ಪಕ್ಕ ಕೂತ, ಮಣ್ಣು ಮಾಡಲು ಬಿಡಲಿಲ್ಲ. ಮೂಗಿನಿಂದ ಒಂದು ಹುಳ ಬಿತ್ತು. ಆಗ ಬಿಟ್ಟುಕೊಟ್ಟ. ಹುಡುಗ ಸುಮ್ಮನೆ ಕೇಳಿದ. "ನಮ್ಮಪ್ಪನೂ ಎತ್ತಗೊಡಲಿಲ್ಲ" ಅಂದ. ಆಮೇಲೆ ಶಾಲೆಗೆ ಹೋದ.

ಅಂದಿನಿಂದ ಹುಳವನ್ನು ನಾನು ಬಿಡೋದಿಲ್ಲ. ನೀವೂ ಬಿಡಬೇಡಿ. ಹೆದರಿಸುವ ದನಿ ಮಾಡಬೇಡಿ, ಮೆಲ್ಲಗೆ ಹೇಳಿ, ಆಮೇಲೆ ಸ್ವಲ್ಪ ಹೊತ್ತು ಏನೂ ಹೇಳಬೇಡಿ. ಇತ್ತೀಚೆಗೆ ಮನೆಯಲ್ಲಿ ಸಾವು ಕಂಡ ಮಗು ಇದ್ದರೆ ಮುಂಚೆಯೇ ಅವರ ಮನೆಯವರಿಗೆ ಒಂದು ಮಾತು ತಿಳಿಸಿ.

ಐದನೇ ದಿನ, ಚೌತಿಯಂದು, ಮಕ್ಕಳು ಹಬ್ಬದ ಗದ್ದಲದಲ್ಲಿರುತ್ತಾರೆ. ಅವತ್ತು ಒಂದು ವೀರಗಲ್ಲು ತೋರಿಸಿದರೆ ಸಾಕು. ನಮ್ಮ ಕಡೆ ಗುಡಿಯ ಪಕ್ಕ, ಕೆರೆಯ ಏರಿ ಮೇಲೆ ಎಲ್ಲಾದರೂ ಒಂದು ನಿಂತಿರುತ್ತದೆ. ಇಲ್ಲದಿದ್ದರೆ ಚಿತ್ರವಾದರೂ ಆಗಬಹುದು. ಕೆಳಗಿನ ಪಟ್ಟಿಯಲ್ಲಿ ವೀರ ಕಾದುತ್ತಿದ್ದಾನೆ. ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಶಿವಲಿಂಗದ ಮುಂದೆ ಕೂತಿದ್ದಾನೆ, ಸೂರ್ಯ ಚಂದ್ರರಿದ್ದಾರೆ. ಕೆಳಗಿನಿಂದ ಮೇಲಕ್ಕೆ ಬೆರಳಿಟ್ಟು ಓದಿಸಿ. ಆಮೇಲೆ ಎಂಕಿಡು ಸಾಯುವ ಮುಂಚೆ ಕಂಡ ಕನಸು ಹೇಳಿ. ಅಲ್ಲಿ ದಾರಿ ಕೆಳಕ್ಕೆ. ಧೂಳಿನ ಮನೆ, ಬೆಳಕಿಲ್ಲ. ಉಣ್ಣಲು ಮಣ್ಣು. ಹಕ್ಕಿಗಳ ಹಾಗೆ ಮೈಮೇಲೆ ಗರಿ. ರಾಜರ ಕಿರೀಟಗಳು ಒಂದು ಕಡೆ ಗುಡ್ಡೆಯಾಗಿ ಬಿದ್ದಿವೆ. ಹದ್ದಿನ ಮೇಲೆ ಕೂತು ಆಕಾಶಕ್ಕೆ ಏರಿದ್ದ ಕಿಶ್ ಊರಿನ ರಾಜ ಎತಾನನೂ ಅಲ್ಲೇ ಇದ್ದಾನೆ.

ಕರ್ಣನ ಹೋಲಿಕೆ ಮಕ್ಕಳೇ ತರುತ್ತಾರೆ. ಕುಮಾರವ್ಯಾಸನ ಊರಿನವರಲ್ವಾ ನಾವು. ಸೂರ್ಯನ ಮಗ ಕರ್ಣ ಸತ್ತ, ವಾಯುವಿನ ಮಗ ಭೀಮನೂ ಕೊನೆಗೆ ದಾರಿಯಲ್ಲಿ ಬಿದ್ದ. ದೇವರ ಮಗ ಸಾಯುತ್ತಾನೆ ಅನ್ನೋದು ನಮಗೆ ಹೊಸದಲ್ಲ. ಆದರೆ ಎರಡನ್ನೂ ಒಂದೇ ಮಾಡಬೇಡಿ. ನಮ್ಮ ವೀರರಿಗೆ ಆಮೇಲೆ ಸ್ವರ್ಗವಿದೆ, ಕಲ್ಲಿನ ಮೇಲೂ ಅದೇ ಕೆತ್ತಿದೆ. ಗಿಲ್ಗಮೆಶ್‌ಗೆ ಅದಿಲ್ಲ. ಅವನು ಅಷ್ಟು ಹೆದರಿದ್ದು ಅದಕ್ಕೇ.

ಪಂಚಮಿಯ ಸಂಜೆ ಕಟ್ಟೆಗೆ ಯಾರೂ ಜಾಸ್ತಿ ಹೊತ್ತು ಕೂರೋದಿಲ್ಲ, ಜೋಕಾಲಿ ಕರೆಯುತ್ತಿರುತ್ತದೆ. ಹತ್ತು ನಿಮಿಷ ಸಾಕು. ಗೆಳೆಯ ಸತ್ತ ಮೇಲೆ ಗಿಲ್ಗಮೆಶ್ ಸಾಯದ ಬದುಕು ಹುಡುಕುತ್ತಾ ಹೊರಟಿದ್ದಾನೆ. ಸಮುದ್ರದ ದಂಡೆಯಲ್ಲಿ ಮದ್ಯ ಮಾರುವ ಸಿದೂರಿ ಅವನನ್ನು ತಡೆಯುತ್ತಾಳೆ. ಹಳೆಯ ಹಲಗೆಯೊಂದರಲ್ಲಿ ಅವಳ ಮಾತಿದೆ: ದೇವರುಗಳು ಮನುಷ್ಯರನ್ನು ಮಾಡಿದಾಗ ಸಾವನ್ನು ಮನುಷ್ಯರಿಗೆ ಹಂಚಿದರು, ಬದುಕನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರು. ನೀನು ಹೊಟ್ಟೆ ತುಂಬ ಉಣ್ಣು, ಕುಣಿ, ತಲೆ ಸ್ನಾನ ಮಾಡು, ಮಡಿ ಅರಿವೆ ಉಡು, ನಿನ್ನ ಕೈ ಹಿಡಿದ ಮಗುವನ್ನು ನೋಡು. ಇಷ್ಟು ಹೇಳಿ ಮಕ್ಕಳನ್ನು ಜೋಕಾಲಿಗೆ ಬಿಡಿ.

ಏಳನೇ ಸಂಜೆ

ಬುಟ್ಟಿಯ ಬಟ್ಟೆ ತೆಗೆಯಬೇಡಿ ಇನ್ನೂ. ಒಲೆ ಹಚ್ಚಿ ಹಂಚು ಕಾಯಲು ಇಡಿ. ಗಿಲ್ಗಮೆಶ್ ಸಾವಿನ ನೀರು ದಾಟಿ ಉತ್ನಪಿಷ್ಟಿಮ್ ಬಳಿ ಬಂದಿದ್ದಾನೆ. ಪ್ರಳಯದಲ್ಲಿ ದೋಣಿ ಕಟ್ಟಿ ಬದುಕಿದವನು, ದೇವರುಗಳು ಸಾವಿಲ್ಲದ ವರ ಕೊಟ್ಟ ಮನುಷ್ಯ. ಅವನು ಒಂದು ಪರೀಕ್ಷೆ ಒಡ್ಡುತ್ತಾನೆ: ಆರು ಹಗಲು ಏಳು ರಾತ್ರಿ ನಿದ್ದೆ ಮಾಡದೆ ಇರು. ಗಿಲ್ಗಮೆಶ್ ಕೂತ ಕೂಡಲೇ ನಿದ್ದೆ ಮಂಜಿನ ಹಾಗೆ ಕವಿಯುತ್ತದೆ. ಎದ್ದಾಗ "ಈಗಷ್ಟೇ ಕಣ್ಣು ಮುಚ್ಚಿದೆ" ಅನ್ನುತ್ತಾನೆ. ಆಗ ನನ್ನ ಹೆಂಡತಿ ದಿನಾ ಸುಟ್ಟಿಟ್ಟ ರೊಟ್ಟಿ ಎಣಿಸು ಅನ್ನುತ್ತಾನೆ ಮುದುಕ.

ಈಗ ಬಟ್ಟೆ ತೆಗೆಯಿರಿ. ಕಳೆದ ವರ್ಷ ನಮ್ಮದು ಹೀಗಿತ್ತು: ಮೊದಲನೆಯದು ಒಣಗಿ ಅಂಚು ಎದ್ದಿತ್ತು, ನಡುವೆ ಹಸಿರು ಬೂಷ್ಟು. ಎರಡನೆಯದು ಚರ್ಮದ ಹಾಗೆ, ಹರಿಯಲು ಬರಲಿಲ್ಲ. ಮೂರನೆಯದಕ್ಕೆ ಬಿಳಿ ಹತ್ತಿಯಂಥದ್ದು. ನಾಲ್ಕನೆಯದು ಮುಟ್ಟಿದರೆ ಅಂಟು. ಬನ್ನು ಹೊಸದಾಗಿಯೇ ಇತ್ತು. ಹಲಗೆಯಲ್ಲೂ ಹೀಗೇ ಒಂದೊಂದು ರೊಟ್ಟಿಯ ಸ್ಥಿತಿ ಬರೆದಿದೆ, ಏಳನೆಯದು ಇನ್ನೂ ಕೆಂಡದ ಮೇಲಿತ್ತು ಅಂತಿದೆ. ಮಕ್ಕಳು ಬಗ್ಗಿ ಬಗ್ಗಿ ಮೂಸಿ ನೋಡಿದರು. ಒಬ್ಬಳು ಮೆಲ್ಲಗೆ ಹೇಳಿದಳು: "ಇವಿಷ್ಟೂ ದಿನಾ ಅಂವಾ ಮಲಗಿದ್ನಾ!" ನಿದ್ದೆಯನ್ನೇ ಗೆಲ್ಲಲಾಗದವನು ಸಾವನ್ನು ಹೇಗೆ ಗೆದ್ದಾನು ಅಂತ ನೀವು ಹೇಳೋದು ಬೇಡ. ರೊಟ್ಟಿ ಹೇಳುತ್ತದೆ.

ಆಮೇಲೆ ಹಾವು. ಮುದುಕನ ಹೆಂಡತಿಗೆ ಕನಿಕರ ಬಂದು, ಒಂದು ಗಿಡದ ಗುಟ್ಟು ಅವನಿಗೆ ಗೊತ್ತಾಗುತ್ತದೆ. ಕಾಲಿಗೆ ಕಲ್ಲು ಕಟ್ಟಿಕೊಂಡು ನೀರಿನಾಳಕ್ಕೆ ಇಳಿದು ಕಿತ್ತು ತರುತ್ತಾನೆ. ತಿಂದರೆ ಮುದುಕ ಮತ್ತೆ ಹುಡುಗನಾಗುತ್ತಾನೆ. ಅವನು ಅಲ್ಲೇ ತಿನ್ನೋದಿಲ್ಲ. ಊರಿಗೆ ಒಯ್ದು ಮೊದಲು ಒಬ್ಬ ಮುದುಕನಿಗೆ ಕೊಟ್ಟು ನೋಡಬೇಕು ಅಂತಾನೆ. ದಾರಿಯಲ್ಲಿ ತಣ್ಣನೆಯ ಹೊಂಡ ಕಂಡು ಜಳಕಕ್ಕೆ ಇಳಿಯುತ್ತಾನೆ. ವಾಸನೆ ಹಿಡಿದು ಹಾವು ಬಂತು, ಗಿಡ ಒಯ್ದಿತು, ಹೋಗುವಾಗ ಪೊರೆ ಬಿಟ್ಟು ಹೋಯಿತು. ಗಿಲ್ಗಮೆಶ್ ಕೂತು ಅತ್ತ.

ಇಲ್ಲಿ ಬರುತ್ತದೆ ಆ ಪ್ರಶ್ನೆ, ಪ್ರತಿ ವರ್ಷ: ಅವ್ವ ದೇವತೆ ಅಂದ ಮೇಲೆ ಅವಳೇ ಉಳಿಸಬಹುದಿತ್ತಲ್ಲ? ಇದಕ್ಕೆ ಉತ್ತರ ಬೇರೆ ಹಲಗೆಯಲ್ಲಿದೆ. ಗಿಲ್ಗಮೆಶ್‌ನ ಸಾವನ್ನು ಹೇಳುವ ಸುಮೇರಿಯನ್ ಹಾಡೊಂದಿದೆ. ಅಲ್ಲಿ ದೇವರುಗಳ ಸಭೆ ಕೂತು ಇದೇ ಮಾತಾಡುತ್ತದೆ. ಇವನ ತಾಯಿ ನಮ್ಮವಳು, ಆದರೂ ಇವನನ್ನು ಬಿಡಲಾಗದು ಅನ್ನುತ್ತಾರೆ. ಸಾವಿಲ್ಲದ ವರ ಪ್ರಳಯ ದಾಟಿದ ಒಬ್ಬನಿಗೆ ಮಾತ್ರ. ಗಿಲ್ಗಮೆಶ್, ನಿನಗೆ ಎನ್ಲಿಲ್ ದೇವರು ಕೊಟ್ಟದ್ದು ಅರಸುತನ, ಸಾಯದ ಬದುಕಲ್ಲ ಅನ್ನುತ್ತಾರೆ. ಅದಕ್ಕೆ ಬದಲಾಗಿ ಸತ್ತವರ ನಾಡಿನಲ್ಲಿ ನ್ಯಾಯ ಹೇಳುವ ಗದ್ದುಗೆ ಕೊಡುತ್ತಾರೆ. ಯೂಫ್ರಟಿಸ್ ನದಿಯನ್ನು ಹೊರಳಿಸಿ, ನದಿಯ ತಳದಲ್ಲಿ ಸಮಾಧಿ ಕಟ್ಟಿ, ಮತ್ತೆ ನೀರು ಬಿಡುತ್ತಾರೆ. ಇದನ್ನು ಇದ್ದ ಹಾಗೆ ಹೇಳಿ. ಸಿಹಿ ಮಾಡಬೇಡಿ. ನಿನ್ಸುನ್ ಮಾಳಿಗೆಯಲ್ಲಿ ಕೇಳಿದ ಮಾತು ಯಾರಾದರೂ ನೆನಪಿಟ್ಟುಕೊಂಡಿದ್ದರೆ ಅವರೇ ಉಳಿದವರಿಗೆ ಹೇಳುತ್ತಾರೆ.

ದೊಡ್ಡ ಮಕ್ಕಳಿದ್ದರೆ ಅದಪನನ್ನೂ ಸೇರಿಸಿ. ಎರಿದು ಊರಿನ ಜಾಣ, ಎಯಾ ದೇವರು ಅವನಿಗೆ ಬುದ್ಧಿ ಕೊಟ್ಟ, ಸಾಯದ ಬದುಕು ಕೊಡಲಿಲ್ಲ. ಆಕಾಶದಲ್ಲಿ ಅನು ದೇವರು ಜೀವದ ರೊಟ್ಟಿ, ಜೀವದ ನೀರು ಮುಂದಿಟ್ಟಾಗ, ಅದು ಸಾವಿನದು ಅಂತ ಎಯಾ ಮೊದಲೇ ಹೇಳಿದ್ದರಿಂದ ಅವನು ಮುಟ್ಟಲಿಲ್ಲ. ಎಯಾ ಬೇಕಂತಲೇ ಹಾಗೆ ಹೇಳಿದನೇ? ಇದರ ಮೇಲೆ ಹೈಸ್ಕೂಲಿನ ಮಕ್ಕಳು ಒಂದು ಗಂಟೆ ಜಗಳಾಡುತ್ತಾರೆ. ಬಿಡಿ, ಆಡಲಿ.

ಕಥೆ ಮುಗಿಯೋದು ಗೋಡೆಯಲ್ಲಿ. ದೋಣಿಯವ ಉರ್ಶನಬಿಗೆ ಗಿಲ್ಗಮೆಶ್ ಉರುಕಿನ ಕೋಟೆ ತೋರಿಸುತ್ತಾನೆ. ಹತ್ತು, ನಡೆದು ನೋಡು, ಇಟ್ಟಿಗೆ ಸುಟ್ಟದ್ದೋ ಅಲ್ಲವೋ ನೋಡು ಅನ್ನುತ್ತಾನೆ. ಮಕ್ಕಳ ಕೈಗೆ ಒಂದೊಂದು ಉಂಡೆ ಮಣ್ಣು ಕೊಡಿ. ಹೊಲದ ಎರೆಮಣ್ಣು ಬೇಡ, ಒಣಗಿದರೆ ಬಿರಿಯುತ್ತದೆ, ಕುಂಬಾರರ ಹತ್ತಿರ ಹದ ಮಾಡಿದ್ದನ್ನೇ ತನ್ನಿ. ಅಂಗೈ ಅಗಲ ತಟ್ಟಿಸಿ, ಐಸ್‌ಕ್ರೀಮ್ ಕಡ್ಡಿಯ ಮೂಲೆಯಿಂದ ಹೆಸರು ಒತ್ತಿಸಿ. ದೇವರ ಹೆಸರಿನ ಮುಂದೆ ಅವರು ಒಂದು ನಕ್ಷತ್ರ ಬರೆಯುತ್ತಿದ್ದರು, ಗಿಲ್ಗಮೆಶ್ ಹೆಸರಿನ ಮುಂದೂ ಅದಿದೆ. ನಾಲ್ಕು ಗೆರೆ ಒಂದರ ಮೇಲೊಂದು ಹಾಯಿಸಿದರೆ ಎಂಟು ಮೂಲೆಯ ನಕ್ಷತ್ರ. ಅದನ್ನು ಯಾರ ಹೆಸರಿಗೆ ಹಾಕಬೇಕು ಅಂತ ಮಕ್ಕಳೇ ತೀರ್ಮಾನ ಮಾಡಲಿ. ಅಜ್ಜನನ್ನು ಕಳೆದುಕೊಂಡ ಆ ಹುಡುಗ ಮರುವರ್ಷವೂ ಬಂದಿದ್ದ. ಅಜ್ಜನ ಹೆಸರು ಬರೆದ, ನಕ್ಷತ್ರ ಹಾಕಲಿಲ್ಲ. ನಾನು ಕೇಳಲಿಲ್ಲ.

ಹಲಗೆಗಳನ್ನು ನೆರಳಲ್ಲಿ ನಾಲ್ಕು ದಿನ ಒಣಗಿಸಿ, ಬಿಸಿಲಿಗೆ ಇಟ್ಟರೆ ಸೊಟ್ಟಾಗುತ್ತವೆ. ಬೂಷ್ಟು ಬಂದ ರೊಟ್ಟಿಗಳನ್ನು ಆಕಳಿಗೆ ಹಾಕಬೇಡಿ, ಹೊಟ್ಟೆ ಕೆಡುತ್ತದೆ, ಬೇವಿನ ಬುಡದಲ್ಲಿ ಹುಗಿದುಬಿಡಿ. ಅವತ್ತು ಹಿಟ್ಟು ಸ್ವಲ್ಪ ಜಾಸ್ತಿಯೇ ನಾದಿರಿ. ಏಳನೇ ರೊಟ್ಟಿ ಹಂಚಿನಿಂದ ಇಳಿಯುವ ಹೊತ್ತಿಗೆ ಎಲ್ಲರಿಗೂ ಹಸಿವಾಗಿರುತ್ತದೆ, ಒಂದು ರೊಟ್ಟಿ ಯಾರಿಗೂ ಸಾಲೋದಿಲ್ಲ.